ಲಾಳಿ ಮುಟ್ಟಿ ಆಡಿದ ಮಾತು

ದೊಡ್ಡಬಳ್ಳಾಪುರ
14-6-2025

ನಂದನಣ್ಣನಿಗೆ,

ನೀನು ಮಾತು ಬಿಟ್ಟರೂ ನಿನ್ನನ್ನು ಬಿಡದ ತಂಗಿಯ ನಮಸ್ಕಾರ. ನಿಜ ಹೇಳಿಬಿಡು ಎಂದು ಪೀಡಿಸಿದ್ದಕ್ಕೆ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಪೋರ್ಚುಗಲ್‌ಗೆ ಕಾಗದ ಬರೆಯದೆ ಬೇರೆ ದಾರಿಯಿಲ್ಲ.

ಮೂವತ್ತನೇ ತಾರೀಖು ನಿನ್ನ ವಿಚಾರಣೆ. ಫುಟ್‌ಬಾಲ್ ಕೋಚ್‌ನ ದವಡೆ ಮುರಿದೆ ಎಂದು ಇಲ್ಲಿ ಎರಡು ವರ್ಷ ಆಡಲು ಬಿಡಲಿಲ್ಲ, ನೀನು ದೇಶ ಬಿಟ್ಟೆ. ಅಲ್ಲಿ ಗೋಲು ಹೊಡೆದು ಸ್ಟಾರ್ ಆದೆ. ಆ ಕೋಚ್ ಇಲ್ಲಿ ಫುಟ್‌ಬಾಲ್ ಸಂಸ್ಥೆಯಲ್ಲಿ ದೊಡ್ಡ ಹುದ್ದೆಗೇರಿದ. ಈಗ ಹಳೇ ಫೈಲು ಬಿಚ್ಚಿ, ನೀನು ಭೂಮಿಯ ಮೇಲೆ ಎಲ್ಲೂ ಬೂಟು ಕಟ್ಟದಂತೆ ಮಾಡಲು ಹೊರಟಿದ್ದಾನೆ. ಯಾಕೆ ಹೊಡೆದೆ ಎಂದು ಶಿಸ್ತು ಸಮಿತಿ ಕೇಳಿದರೆ ಕೋಪ ಬಂತು ಎಂದಷ್ಟೇ ಬರೆದು ಕಳಿಸಿದ್ದೀಯಂತೆ. ನಿನ್ನ ವಕೀಲೆ ಯಶಸ್ವಿನಿ ಮೇಡಂ ಫೋನ್ ಮಾಡಿದ್ದರು. "ನಿಮ್ಮಣ್ಣ ಬಾಯೇ ಬಿಡ್ತಿಲ್ಲ ಕಣಮ್ಮ. ಹಿಂಗೇ ಇದ್ರೆ ಅವನ ಆಟ ಮುಗೀತು" ಅಂದರು.

ಟಿವಿಯವರಿಗೆ ನೀನು ರೌಡಿ. ನಮ್ಮ ಮಗ್ಗದ ಬೀದಿಯಲ್ಲಿ ಎದುರುಮನೆ ಅಂಬರೀಶ್, "ಏನಮ್ಮಾ ಧನು, ನಿಮ್ಮಣ್ಣಂಗೆ ಫಾರಿನ್ ಕೊಬ್ಬು ಜಾಸ್ತಿ ಆಯ್ತಾ?" ಎಂದು ಹಲ್ಲು ಕಿರಿಯುತ್ತಾನೆ. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ತಲೆ ತಗ್ಗಿಸುತ್ತೇನೆ. ನಾಲ್ಕು ವರ್ಷದಿಂದ ತಗ್ಗಿಸಿಯೇ ಇದ್ದೇನೆ. ಥೂ, ಇದೂ ಒಂದು ಬಾಳಾ?

ನಿನ್ನ ಕ್ಲಬ್ಬಿನ ಹೆಂಗಸರ ತಂಡಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ಫಿಟ್‌ನೆಸ್ ಪರೀಕ್ಷೆ ಎಂದು ಸ್ಟೋರ್ ರೂಮಿಗೆ ಕರೆದು ಬಾಗಿಲು ಹಾಕಿದವನು ಅದೇ ಕೋಚ್. ಅವನ ಕೈ ಕಚ್ಚಿ ಓಡಿ ಬಂದೆ. ಮಾರನೇ ದಿನ ಮೈದಾನದಲ್ಲಿ ಸಾವಿರ ಜನರೆದುರು ನೀನು ಅವನನ್ನು ಕೆಡವಿದೆ. ಮನೆಗೆ ಬಂದರೆ ಅಮ್ಮ ಮಗ್ಗ ನಿಲ್ಲಿಸಿ, ನೂಲು ಸುತ್ತಿದ ಲಾಳಿ ತೆಗೆದು ನಮ್ಮಿಬ್ಬರ ಕೈಗೂ ಮುಟ್ಟಿಸಿದಳು. "ಅನ್ನ ಹಾಕೋ ಲಾಳಿ ಮೇಲೆ ಆಣೆ ಇಡ್ರಿ. ಹುಡುಗಿ ಹೆಸರು ಹೊರಗೆ ಬರ್‌ಕೂಡ್ದು." ಆ ಆಣೆ ಮುರಿದರೆ ಮನೆಯಲ್ಲಿ ಮಗ್ಗ ಓಡುವುದಿಲ್ಲ ಎಂದು ನಂಬಿ ಬಾಯಿ ಹೊಲಿದುಕೊಂಡೆವು.

ಅದರಿಂದ ಯಾರ ಮಾನ ಉಳಿಯಿತು ಹೇಳು? ಅವನದು! ನಾನು ಬೂಟು ಬಿಚ್ಚಿ ಅಟ್ಟಕ್ಕೆಸೆದೆ. ನೀನು ಊರು ಬಿಟ್ಟೆ. ಅವನು ಇವತ್ತಿಗೂ ಹುಡುಗಿಯರ ತಂಡ ಆರಿಸುತ್ತಿದ್ದಾನೆ. ನನ್ನ ಮಾನವೇನು ಸೀರೆಯಾ, ಒಂದು ಎಳೆ ಕಿತ್ತರೆ ಬೆಲೆ ಬಿದ್ದುಹೋಗಲು?

ಬಾಯಿ ಬಿಡು ಅಣ್ಣಾ. ನನ್ನ ಹೆಸರು ಹೇಳು. ನಿನ್ನ ಕಾಲು ಹಿಡಿದು ಬೇಡುತ್ತೇನೆ, ನನ್ನ ಹೆಸರಿನಲ್ಲಿ ನೀನು ಹಾಳಾಗಬೇಡ. ಆ ಭಾರ ಹೊತ್ತು ನಾನು ಬದುಕಲಾರೆ.

ನಿನ್ನ ಹಳೇ ಗೋಲ್‌ಕೀಪರ್,
ಧನುಶ್ರೀ

ವಿ.ಸೂ.: ಬೇಡುತ್ತೇನೆ ಎಂದೆನಲ್ಲ, ಅದು ಸುಳ್ಳು. ನನ್ನ ಹೇಳಿಕೆ ನಿನ್ನೆಯೇ ವಕೀಲೆಯ ಕೈ ಸೇರಿದೆ. ಕೆಳಗೆ ಸಾಕ್ಷಿಯ ಸಹಿ ಅಮ್ಮನದು, ಕೇಳಿದ್ದಕ್ಕೆ ಎರಡನೇ ಮಾತಾಡದೆ ಹಾಕಿದಳು. ಆಮೇಲೆ ಮಗ್ಗದ ಮುಂದೆ ನಿಂತವಳಿಗೆ ಸ್ವಿಚ್ ಒತ್ತಲು ಕೈ ಬರಲಿಲ್ಲ. "ಇಬ್ರೂ ಇಟ್ಟ ಆಣೆ, ನಂದನೂ ಒಂದು ಸಲ ಸರಿ ಅನ್ಲಿ, ಆಮೇಲೆ ಒತ್ತೀನಿ" ಎನ್ನುತ್ತಾಳೆ. ನಿನ್ನೆಯಿಂದ ನಮ್ಮ ಮನೆಯಲ್ಲಿ ಸದ್ದಿಲ್ಲ. ಫೋನ್ ಮಾಡು.