ಏಳನೇ ನಂಬರಿನ ಲಾಠಿ

ನೆರೆದ ಮಹಾಜನರೇ! ಚಾಪೆಯವರೇ, ಬೆಂಚಿನವರೇ, ಗದ್ದಲ ಬೇಡ! ಕಾಗದ ಒಬ್ಬನಿಗೆ, ಆದರೆ ಎಲ್ಲರಿಗೂ ಕೇಳಿಸಲೆಂದೇ ಗಟ್ಟಿಯಾಗಿ ಬರೆದಿದ್ದೇನೆ.

ಪುಟ್ಟೇನಹಳ್ಳಿ, ಫೆಬ್ರವರಿ ೧೯೫೯

ಚಿರಂಜೀವಿ ಆಂಜಿನಪ್ಪನಿಗೆ,

ಹೆಡ್ ಕಾನ್‌ಸ್ಟೇಬಲ್ ಆಗುವ ಮುಂಚೆ ನೀನು ನಮ್ಮ ನಾಟಕ ಮಂಡಳಿಯ ಸಾಮಾನು ಕಾಯುವವನು. ಪ್ರತಿ ಗದೆಗೂ ನಂಬರು. ಯಾರು ಒಯ್ದರು, ಯಾವಾಗ ತಂದರು, ಯಾರ ಮೇಲೆ ಮುರಿಯಿತು, ಎಲ್ಲಕ್ಕೂ ನಿನ್ನ ಪುಸ್ತಕದಲ್ಲಿ ಒಂದೊಂದು ಕಲಂ. ಆಟ ಮುಗಿದು ನಾನು ಭೀಮನ ಮೀಸೆ ಕೀಳುವಷ್ಟರಲ್ಲೇ ಅಡ್ಡ ನಿಲ್ಲುತ್ತಿದ್ದೆ: "ಅಣ್ಣೋ, ಬಣ್ಣ ಆಮೇಲ್ ಒರೆಸ್ಕೋ. ಗದೆ ಯಾರ್ ಮ್ಯಾಲೆ ಮುರೀತು, ಯೇಳು ಮೊದ್ಲು!"

ಅದೇ ಮಾದರಿಯಲ್ಲಿ ಠಾಣೆಗೂ ಲಾಠಿ ರಿಜಿಸ್ಟರ್ ಮಾಡಿದೆಯೆಂದು ಕೇಳಿ ನನ್ನ ಎದೆ ಉಬ್ಬಿತ್ತು. ಈಗ ಅದೇ ಎದೆಯಲ್ಲಿ ಸಂಶಯ ಕೂತಿದೆ ಕಣೋ.

ಸೋಮವಾರ ಜಾಲಹಳ್ಳಿಯ ಬಸ್ ನಿಲ್ದಾಣದ ನೂಕುನುಗ್ಗಲಿಗೆ ನಿಮ್ಮವರು ಲಾಠಿ ಬೀಸಿದರು. ಕಾರ್ಖಾನೆಯಿಂದ ಬರುತ್ತಿದ್ದ ನನ್ನ ತಮ್ಮ ಪಿಳ್ಳಪ್ಪನ ಬಲಗೈ ಮುರಿಯಿತು. ಠಾಣೆಯಿಂದ ಕಾರ್ಖಾನೆಗೆ ಹೋದ ಚೀಟಿಯಲ್ಲಿ ಮಾತ್ರ "ಕುಡಿದು ಸೈಕಲ್‌ನಿಂದ ಬಿದ್ದ" ಎಂದಿದೆ. ಸೈಕಲ್ ತುಳಿಯಲು ಬಾರದವನು! ನಾಳೆ ಹತ್ತು ಗಂಟೆಗೆ ಕಾರ್ಖಾನೆಯಲ್ಲಿ ವಿಚಾರಣೆ. ಆ ಚೀಟಿಯೇ ನಿಜವೆಂದಾದರೆ ಅವನ ಕೆಲಸ ಹೋಯಿತು.

ಬುಧವಾರ ನಾಟಕದ ಲೈಸೆನ್ಸಿಗೆ ಬಂದಾಗ ರಿಜಿಸ್ಟರ್ ನಿನ್ನ ಮೇಜಿನ ಮೇಲೆ ತೆರೆದಿತ್ತು. ಮೇಜಿನ ಈಚೆಯಿಂದ ತಲೆಕೆಳಗಾಗಿ ಕಂಡ ಸೋಮವಾರದ ಸಾಲನ್ನು ಕೊನೆಯಿಂದ ಓದಿದೆ: "ಸೀಳಿದೆ. ಕಾರಣ: ಮಳೆ. ಲಾಠಿ ನಂಬರ್ ಏಳು." ಯಾವ ಮಳೆಯೋ? ಸಂಕ್ರಾಂತಿಯಿಂದೀಚೆಗೆ ನಮ್ಮ ಕೆರೆಗೆ ಒಂದು ಹನಿ ಬಿದ್ದಿಲ್ಲ! 'ಯಾರ ಮೇಲೆ' ಎಂಬ ಕಲಂ ಹುಡುಕಿದೆ. ಅದಿರಬೇಕಾದಲ್ಲಿ 'ಕಾರಣ' ಕೂತಿತ್ತು. ಒಯ್ದವನ ಹೆಸರಿಗೆ ಕಣ್ಣು ಹೊರಳಿಸುವಷ್ಟರಲ್ಲಿ ನೀನು ಟೋಪಿ ತೆಗೆದು ಪುಟದ ಮೇಲಿಟ್ಟೆ. "ಲೈಸೆನ್ಸ್ ಸಿಕ್ತಲ್ಲ, ಒಂಟೋಗಣ್ಣ. ಇದೆಲ್ಲ ನಿಂಗ್ಯಾಕೆ?" ಎಂದೆ. ನನ್ನ ಮುಖ ನೋಡಲಿಲ್ಲ.

ರಟ್ಟಿನ ಗದೆಗೆ ಬೇಕಾಗಿದ್ದ ಕಲಂ ಬಿದಿರಿನ ಲಾಠಿಗೆ ಬೇಡವಾಯಿತೇ? ತೆಗೆಸಿದ್ದು ನಿಮ್ಮ ಸಾಹೇಬರೋ, ನೀನೋ? ಹೊಡೆದವನು ಯಾರೆಂದು ಕೇಳಿದರೆ ಪಿಳ್ಳಪ್ಪ ಗೋಡೆಗೆ ಮುಖ ತಿರುಗಿಸುತ್ತಾನೆ. ಗುರುತಿಲ್ಲದವನಾಗಿದ್ದರೆ ಬಾಯ್ತುಂಬ ಬೈಯುತ್ತಿರಲಿಲ್ಲವೇ? ಕೇಳಿಯೇ ಬಿಡುತ್ತೇನೆ, ಆಂಜಿನಪ್ಪ: ಆ ಟೋಪಿಯ ಕೆಳಗಿದ್ದದ್ದು ನಿನ್ನದೇ ಹೆಸರೇ?

ಅಲ್ಲವೆಂದಾದರೆ ನಿನ್ನ ಕಾಲಿಗೆ ಬಿದ್ದೇನು. ಹೌದೆಂದಾದರೂ ನಿನ್ನ ಮಕ್ಕಳು ತಣ್ಣಗಿರಲಿ, ನಿನ್ನ ಕೈ ನಿಜ ಬರೆಯಲಿ.

ಮಂಡಳಿಯ ಹಳೆಯ ಪುಸ್ತಕ ನನ್ನ ಪೆಟ್ಟಿಗೆಯಲ್ಲೇ ಇದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅದನ್ನು ಹಿಡಿದು, ಪಿಳ್ಳಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಠಾಣೆಯ ಮೆಟ್ಟಿಲ ಮೇಲಿಂದ ಬೀದಿಗೆಲ್ಲ ಕೇಳುವಂತೆ ನಿನ್ನದೇ ಪ್ರಶ್ನೆ ಕೇಳುತ್ತೇನೆ: ಯಾರ್ ಮ್ಯಾಲೆ ಮುರೀತು, ಯೇಳು ಮೊದ್ಲು!

ಇಂತಿ, ಇಂದಿನವರೆಗೂ ನಿನ್ನ ಭೀಮ,
ಮುನಿಯಲ್ಲಪ್ಪ