ಚೀಟಿಯ ಹಿಂಬದಿ

॥ ಓಂ ಶ್ರೀ ಗುರುಬಸವಲಿಂಗಾಯ ನಮಃ ॥

ರಾವೂರ
ದಿನಾಂಕ: 14-11-2024

ಚಿ. ಸೌ. ಭಾಗ್ಯಜ್ಯೋತಿಗೆ ನಿನ್ನ ಅವ್ವನ ಆಶೀರ್ವಾದಗಳು. ಅಳಿಯಂದಿರಿಗೆ ಶರಣು ಹೇಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ತೊಗರಿ ಹೂ ಬಿಟ್ಟಿದೆ. ಪತ್ರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನಾನು ಪತ್ರ ಬರೆದೇ ಇಪ್ಪತ್ತು ವರ್ಷವಾಗಿರಬೇಕು. ಏನು ಮಾಡಲಿ, ಎರಡು ತಿಂಗಳಿಂದ ನೀನು ಫೋನ್ ಎತ್ತುತ್ತಿಲ್ಲ. ಅಳಿಯಂದಿರು ಎತ್ತಿದರೆ "ಹೊರಗ ಹೋಗ್ಯಾಳ್ರಿ ಅತ್ತಿ" ಅನ್ನುತ್ತಾರೆ. ಚಿಂಚೋಳಿಯಲ್ಲಿ ದಿನಾ ಹೊರಗೆ ಹೋಗುವಂಥ ಕೆಲಸ ಏನಿದೆಯೋ. ಕೈಗೆ ಬಂದ ಕಾಗದವನ್ನು ಓದದೆ ಇಡುವವಳು ನೀನಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ವೆಬ್‌ಸೈಟಿನ ಸುದ್ದಿ ಕೇಳು. ಕೇಳಿ ನಗಬೇಡ, ನನಗೆ ಮೈ ಉರಿಯುತ್ತಿದೆ.

ನಿನ್ನ ಸಿದ್ಧಲಿಂಗ ಕಾಕಾ ಹೈದರಾಬಾದಿನಿಂದ ಕರೆಸಿದ್ದನಲ್ಲ, ವೆಬ್‌ಸೈಟಿಗೆ ಬರೆಯುವವನನ್ನು, ಅವನು ಕಾರಿನಲ್ಲಿ ಬಂದ. ಕಪ್ಪು ಕನ್ನಡಕ ತೆಗೆಯಲಿಲ್ಲ. ಅಂಗಳದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಂದರ ಮೇಲೊಂದು ಥಪ್ಪಿಗಟ್ಟಲೆ ನಿಂತಿದೆ, ಪಾಲಿಶ್ ಮಷಿನ್ ಓಡುತ್ತಿದೆ, ಒಂದು ಕಲ್ಲು ಮುಟ್ಟಿ ನೋಡಲಿಲ್ಲ. ಕಲ್ಲು ಎಷ್ಟು ದಪ್ಪ ಬರುತ್ತದೆ, ಎಲ್ಲಿಗೆ ಹಾಸುತ್ತಾರೆ, ಗಿರಾಕಿ ಬಂದರೆ ಮೊದಲು ಏನು ಕೇಳುತ್ತಾರೆ, ಯಾವುದೂ ಕೇಳಲಿಲ್ಲ. ಅವನು ನನ್ನನ್ನು ಕೇಳಿದ್ದು ಒಂದೇ: "ಆಂಟೀ, ನಿಮಗೆ ಯಾವ ಬಣ್ಣ ಇಷ್ಟ?" ನಾನು ಹಸಿರು ಅಂದೆ. ಚಹಾ ಕುಡಿದು ಹೋದ.

ಹತ್ತು ದಿನಕ್ಕೆ ವೆಬ್‌ಸೈಟ್ ಬಂತು. ಹಸಿರೇನೋ ಇತ್ತು. ಅದರಲ್ಲಿ ಯಾವುದೋ ದೇಶದ ಅಡುಗೆಮನೆ, ಅಲ್ಲಿ ಬಿಳಿ ಹೆಂಗಸೊಬ್ಬಳು ನಿಂಬೆಹಣ್ಣು ಕೊಯ್ಯುತ್ತಿದ್ದಾಳೆ. ಕೆಳಗೆ ಬರೆದದ್ದನ್ನು ನಿನ್ನ ಕಾಕಾ ಓದಿ ಹೇಳಿದ: "ನಿಮ್ಮ ಕನಸುಗಳಿಗೆ ಶಿಲೆಯ ಸ್ಪರ್ಶ. ಮೂರು ತಲೆಮಾರಿನ ನುರಿತ ಶಿಲ್ಪಿಗಳ ಕೈಚಳಕ." ನಮ್ಮಲ್ಲಿ ಶಿಲ್ಪಿ ಯಾರೇ ತಾಯಿ? ನಿನ್ನ ಅಪ್ಪ ಖಣಿಯಲ್ಲಿ ಹಾರೆ ಹಿಡಿದು ಕಲ್ಲು ಎಬ್ಬಿಸಿದವರು. ಅವರು ಹೋದ ಮೇಲೆ ಈ ಅಂಗಳ ನಡೆಸುತ್ತಿರುವುದು ನಾನು, ನಿನ್ನ ಕಾಕಾ. ಎಲ್ಲಿಯ ಮೂರು ತಲೆಮಾರು?

ಅದನ್ನು ನೋಡಿ ಬಂದ ಗಿರಾಕಿ ಒಬ್ಬನೇ ಒಬ್ಬ. ಹುಮನಾಬಾದಿನಿಂದ ಟೆಂಪೋ ಮಾಡಿಕೊಂಡು ಬಂದು, "ಶಿಲ್ಪಿಗಳು ಎಲ್ಲಿ ಅದಾರ್ರಿ? ನಮ್ಮ ಗುಡಿಗೊಂದು ನಂದಿ ಮಾಡಸಬೇಕಾಗ್ಯಾದ" ಅಂದ. ಇಲ್ಲಿ ಶಿಲ್ಪಿ ಯಾರೂ ಇಲ್ಲಪ್ಪ ಅಂದು, ಊಟ ಹಾಕಿ ಕಳಿಸಿದೆ.

ಸಿದ್ಧಲಿಂಗ ಆ ಹುಡುಗನಿಗೆ ಫೋನ್ ಮಾಡಿದರೆ ಅವನು, ಜನ ಓದುವುದಿಲ್ಲ ಸರ್, ಬರೀ ನೋಡುತ್ತಾರೆ ಅಂದನಂತೆ. ಓದುವುದಿಲ್ಲ ಅಂದಮೇಲೆ ಬರೆಯಲಿಕ್ಕೆ ದುಡ್ಡು ಯಾಕೆ ತೆಗೆದುಕೊಂಡ? ಈಗ ಶಹಾಬಾದಿನವರೆಗೂ ಎಲ್ಲ ಮನೆಗೂ ಟೈಲ್ಸ್ ಬಂದು ಕೂತಿವೆ. ಪಕ್ಕದ ಅಂಗಳದವರು ಮಷಿನ್ ಮಾರಿ ಬಾಗಿಲು ಹಾಕಿದರು. ಈ ವೆಬ್‌ಸೈಟೊಂದು ನೆಟ್ಟಗಾದರೆ ನಾವು ಉಳಿಯುತ್ತೇವೆ ಅಂತ ಮಾಡಿಸಿದ್ದು.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಆ ಹುಡುಗ ಬರುವ ಮುಂಚೆ, ಪಂಚಮಿಗೆ ಬಂದಾಗ ನೀನು ನಾಲ್ಕು ದಿನ ಅಂಗಳದಲ್ಲೇ ಕೂತೆ. ಜೋಕಾಲಿ ಕಟ್ಟಿದ್ದರೂ ಆಡಲಿಲ್ಲ. ಬಂದ ಗಿರಾಕಿಗಳು ಏನೇನು ಕೇಳುತ್ತಾರೆಂದು ಒಂದೊಂದನ್ನೇ ಬರೆದುಕೊಂಡೆ. ನನಗೆ ಮೊಬೈಲಿನಲ್ಲಿ ಓದಲು ಬರುವುದಿಲ್ಲ ಅಂತ, ವೆಬ್‌ಸೈಟಿಗೆ ಹಾಕಬೇಕಾದ್ದನ್ನೆಲ್ಲ ಉದ್ದ ಹಾಳೆಯಲ್ಲಿ ಕೈಯಿಂದ ಬರೆದು, "ಅವ್ವಾ, ಪೈಲಾ ನೀ ಓದು, ಆಮ್ಯಾಲ ಕಾಕಾಗ ಕೊಡು" ಅಂದೆ. ನಾಲ್ಕು ಹಾಳೆ. ನಿನ್ನ ಕಾಕಾ ಮೊದಲ ಹಾಳೆಯ ಮೇಲೆ ಕಣ್ಣಾಡಿಸಿ ಕೂಲಿಯವರ ಮುಂದೆಯೇ, "ಮಾರಾವ್ರು ಯಾರರ ತಮ್ಮ ಮಾಲಿಂದು ಖೋಡಿ ಕೊರತಿ ತಾವ ಹೇಳ್ತಾರೇನು? ಮನ್ಯಾಗ ಕೂತು ಬರ್ಯೋದು ಬ್ಯಾರೆ, ಧಂದೆ ಬ್ಯಾರೆ" ಅಂದ. ನೀನು ನನ್ನ ಮುಖ ನೋಡಿದೆ. ನಾನು ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ.

ಸೆಪ್ಟೆಂಬರಿನಲ್ಲಿ ನೀನು, ಆ ಹಾಳೆ ವಾಪಸ್ ಕೊಡು, ನನ್ನ ಹತ್ತಿರ ನಕಲಿಲ್ಲ ಅಂತ ಕೇಳಿದಾಗ ನಾನು ಎಲ್ಲೋ ಕಳೆದುಹೋದವು ಅಂದೆ. ಅವತ್ತಿನಿಂದ ನೀನು ಮಾತು ಬಿಟ್ಟೆ.

ಕೇಳು, ಅದರ ಒಂದು ತುಂಡು ಸಿಕ್ಕಿದೆ. ಎಲ್ಲಿ ಅಂದರೆ ಸೇಡಂನಲ್ಲಿ.

ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಕಲ್ಲು ಹೊರಡುವಾಗ ಡ್ರೈವರನ ಕೈಗೆ ಒಂದು ಚೀಟಿ: ಇಷ್ಟು ಕಲ್ಲು, ಇಂಥ ಅಳತೆ, ಇಂಥವರ ಮನೆ. ಹೊಸ ಕಾಗದ ಯಾಕೆಂದು ಹಳೇ ಪಂಚಾಂಗ, ಮದುವೆ ಕಾರ್ಡು ಯಾವುದಾದರೂ ಕತ್ತರಿಸಿ ಅದರ ಬೆನ್ನ ಮೇಲೆ ಬರೆಯುತ್ತೇವೆ. ಹೋದ ವಾರ ಸೇಡಂನಿಂದ ಧರ್ಮಣ್ಣ ಅನ್ನುವ, ಕಲ್ಲು ಹಾಸುವ ಗೌಂಡಿ ಫೋನ್ ಮಾಡಿದ. "ಅವ್ವಾರ, ನಿಮ್ಮ ಚೀಟಿ ಹಿಂದ ಒಂದೀಟು ಬರದಾದ. ಓದಲೇನ್ರಿ?" ಅಂದು ನಿಧಾನವಾಗಿ ಓದಿದ: "ಅಡುಗೆ ಕಟ್ಟೆಗೆ ನಮ್ಮ ಕಲ್ಲು ಬೇಡ. ನಿಂಬೆ, ಹುಣಸೆ ಬಿದ್ದಲ್ಲಿ ಕಲೆ ಉಳಿಯುತ್ತದೆ. ಪಡಸಾಲೆಗೆ ಹಾಸಿರಿ, ಬ್ಯಾಸಗಿಯಲ್ಲಿ ಅದರ ಮೇಲೆ ಮಲಗಿ ನೋಡಿರಿ."

"ಮೂವತ್ತು ವರ್ಷ ಆತು ಫರಸಿ ಹಾಸಾಕತ್ತೀನ್ರಿ," ಅಂದ ಅವನು. "ಹಿಂಗ ಖರೇ ಹೇಳಿದ ಅಂಗಡಿ ನಾ ಕಂಡಿಲ್ಲ. ಮನಿ ಮಾಲಕರಿಗೆ ಓದಿ ಹೇಳೀನಿ. ಅವರ ತಮ್ಮಂದೂ ಮನಿ ನಡದಾದ, ಅದಕ್ಕೂ ನಿಮ್ಮಲ್ಲೇ ಕಲ್ಲು ತಗೋತಾರಂತ. ಆ ಕಾಗದದ್ದು ಉಳಿದ ತುಂಡು ಇದ್ರ ಕಳಸ್ರಿ, ಅರ್ಧಕ್ಕ ಕತ್ತರಿ ಬಿದ್ದಾದ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟೆಂಪೋ ಓಡಿಸುವ ಇಸಾಕನನ್ನು ಕರೆದು, ಕಪಾಟಿನಲ್ಲಿದ್ದ ನನ್ನ ಮಗಳ ಕಾಗದ ಚೀಟಿಯ ಡಬ್ಬಿಗೆ ಹೇಗೆ ಬಂತು, ಕಣ್ಣಿಲ್ಲವೇನೋ ನಿನಗೆ ಅಂತ ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಟೆಂಪೋ ತೊಳೆಯಲು ಹೋದ.

ಸಿದ್ಧಲಿಂಗನಿಗೆ ಹೇಳಿದರೆ ಅವನು ಏನಂದ ಗೊತ್ತೇ? "ಹಂಗಾದ್ರ ಚೊಲೋನೇ ಆತಲ್ಲ ವೈನಿ. ಜ್ಯೋತಿಗ ಹೇಳ್ರಿ, ಮತ್ತೊಂದ್ ಸಲ ಬರದು ಕೊಡ್ತಾಳ. ಮನಿ ಮಗಳು, ಏನ್ ಕೇಳ್ತಾಳ." ಆಗ ನಾನು ಸುಮ್ಮನಿರಲಿಲ್ಲ ನೋಡು. "ಹಿತ್ತಲ ಗಿಡ ಮದ್ದಲ್ಲ ಅಂತ ದೂಡಿದಾಂವ ನೀನ. ಆ ಕನ್ನಡಕದಾಂವಗ ಎಷ್ಟು ಕೊಟ್ಟಿ, ಅಷ್ಟೇ ಅಕಿಗೂ ಕೊಡು. ಕೆಳಗ ಅಕಿ ಹೆಸರು ಹಾಕು. ಚಿಂಚೋಳಿಗಿ ಹೋಗಿ ನೀನ ಕೇಳು" ಅಂದೆ. ಅವನು 25ನೇ ತಾರೀಖು ಸೋಮವಾರ ಬರುತ್ತಾನೆ. ಬಂದರೆ ಚಹಾ ಕೊಡು, ಆದರೆ ಕೂಡಲೇ ಹೂಂ ಅನ್ನಬೇಡ. ಸ್ವಲ್ಪ ಹೊತ್ತು ಕೂರಲಿ.

ಮೈ ಕಡೆ ನಿಗಾ ಇರಲಿ. ಬಸವಣ್ಣ ನಿನ್ನನ್ನೂ ನಿನ್ನ ಮನೆಯನ್ನೂ ತಣ್ಣಗೆ ಇಡಲಿ.

ಇಂತಿ ನಿನ್ನ ಅವ್ವ
ಗುರುಲಿಂಗಮ್ಮ

ತಾ.ಕ.: ಪತ್ರ ಮಡಚಿ ಐದು ದಿನ ಇಟ್ಟುಕೊಂಡು ಇವತ್ತು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದನ್ನು ಹಾಗೇ ಕಳಿಸಲು ಮನಸ್ಸು ಒಪ್ಪಲಿಲ್ಲ. ಇಸಾಕನದು ಏನೂ ತಪ್ಪಿಲ್ಲ. ಆ ಹಾಳೆಗಳನ್ನು ಕತ್ತರಿಸಿದವಳು ನಾನು. ನೀನು ಹೋದ ಮೂರನೇ ದಿನ, ಅಡುಗೆಮನೆಯ ಕತ್ತರಿಯಿಂದ, ಒಂದು ಹಾಳೆಗೆ ನಾಲ್ಕು ತುಂಡು. ಒಂದು ಸಾಲೂ ಓದಿರಲಿಲ್ಲ. ಬೆನ್ನು ಖಾಲಿ ಇದೆಯೋ ಇಲ್ಲವೋ ಅಷ್ಟೇ ನೋಡಿದೆ. ಚೀಟಿ ಕೊಟ್ಟವಳು ನಾನೇ ಎಂದು ಇಸಾಕನಿಗೆ ಗೊತ್ತಿತ್ತು, ಆದರೂ ನನ್ನ ಮಾನ ಕಾಯ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಈ ಪತ್ರ ಬರೆದ ಮರುದಿನ ಎಲ್ಲರ ಮುಂದೆಯೇ ಅವನಲ್ಲಿ ತಪ್ಪೊಪ್ಪಿಕೊಂಡೆ. ಈಗ ಅವನೇ ಕಲ್ಲು ಇಳಿಸಿದ ಮನೆಗಳಿಗೆಲ್ಲ ಹೋಗಿ ಚೀಟಿ ಹುಡುಕುತ್ತಿದ್ದಾನೆ. ಹದಿನಾರರಲ್ಲಿ ಐದು ಸಿಕ್ಕಿವೆ.

ಚಿತ್ತಾಪುರದ ಮನೆಯೊಂದರಲ್ಲಿ ಸಿಕ್ಕ ತುಂಡಿನಲ್ಲಿ ಹೀಗಿದೆ: "ನಮ್ಮ ಅಂಗಳದಿಂದ ಹೊರಡುವ ಪ್ರತಿ ಕಲ್ಲನ್ನೂ ನನ್ನ ಅವ್ವ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಾಳೆ. ಒಳಗೆ ಬಿರುಕಿದ್ದರೆ ಅವಳಿಗೆ ತಿಳಿಯುತ್ತದೆ. ನಾನು ಚಿಕ್ಕವಳಿದ್ದಾಗ ಒಂದು ದಿನ ಅವಳನ್ನು ಕೇಳಿದೆ," ಅಷ್ಟೇ. ಅಲ್ಲಿಗೆ ಕತ್ತರಿ ಬಿದ್ದಿದೆ.

ಮೂರು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ನೀನು ನನ್ನನ್ನು ಏನು ಕೇಳಿದ್ದೆ ಜ್ಯೋತಿ? ನಾನು ಏನು ಹೇಳಿದ್ದೆ?