ಹದಿನೆಂಟನೆಯ ಸನ್ನೆ

ಏರುಕಡಲಿನ ೨೧೧ನೆಯ ವರ್ಷ, ಎರಡನೆಯ ಮಳೆಗಾಲದ ಮೂವತ್ತನಾಲ್ಕನೆಯ ದಿನ

ಸುಗಂಧಿ ಖಾರ್ವಿ ಅವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ. ನನ್ನ ಹೆಸರು ಇರುವಂತಿ, ಕೆಲಸ ಕಡಲಗಾವಲು. ಸಮುದ್ರ ದಡವನ್ನು ನುಂಗಿದ ಮೇಲೆ ಉಳಿದದ್ದನ್ನು ನೋಡಿಕೊಳ್ಳುವುದಕ್ಕೆ ಹಾಗೆನ್ನುತ್ತೇವೆ. ನನ್ನ ಪಾಲಿಗೆ ಬಂದದ್ದು ನೀವು ಡಾಲ್ಫಿನ್‌ಗಳಿಗೆ ಆಟ ಕಲಿಸುತ್ತಿದ್ದ ಉದ್ಯಾನ.

ಅದರ ಚರಿತ್ರೆಯನ್ನು ಬರೆದಿದ್ದೇನೆ. ಮೊದಲು ನಾಲ್ಕು ಡಾಲ್ಫಿನ್, ಭಾನುವಾರ ಮೂರು ಆಟ, ಮುಂದಿನ ಐದು ಸಾಲಿನವರು ಒದ್ದೆಯಾಗುತ್ತಾರೆಂಬ ಫಲಕ. ಆಮೇಲೆ ಜನರ ಆಕ್ಷೇಪ, ಕೋರ್ಟಿನ ಆದೇಶ, ಬೀಗ. ಕೊನೆಗೆ ಕೊಳದ ಗೋಡೆ ಒಡೆದು ಅವುಗಳನ್ನು ಕಡಲಿಗೆ ಬಿಟ್ಟರು.

ಅವುಗಳ ಸಂತತಿ ಈಗಲೂ ಬರುತ್ತದೆ. ತಾಯಿಯಿಂದ ಮರಿ ಕಲಿತು ಆಟ ಇಲ್ಲಿಯವರೆಗೆ ಉಳಿದಿದೆ. ಉಬ್ಬರದ ಜೊತೆ ಒಳಗೆ ಬಂದು, ಪಾಚಿ ಹಿಡಿದ ಮೆಟ್ಟಿಲುಗಳ ಮುಂದೆ ನೆಗೆದು, ಹೊರಳಿ, ಅಂಚಿಗೆ ಗದ್ದವಿಟ್ಟು ಕಾಯುತ್ತವೆ. ಈಗ ಬರುತ್ತಿರುವುದು ಒಂದು ತಾಯಿ, ಒಂದು ಮರಿ. ನೀರು ಇಳಿದರೂ ಹೋಗುವುದಿಲ್ಲ. ಎರಡು ಸಲ ಬಟ್ಟೆಯಲ್ಲಿ ಹೊತ್ತು ಕಡಲಿಗೆ ಬಿಟ್ಟೆವು. ಮರುದಿನ ಮತ್ತೆ ಬಂದವು. ಬರುವ ಅಮಾವಾಸ್ಯೆಗೆ ವರ್ಷದ ದೊಡ್ಡ ಇಳಿತ. ಕೊಳ ಪೂರ್ತಿ ಬತ್ತುತ್ತದೆ. ಎದೆಮಟ್ಟದ ಕೆಸರು ದಾಟಿ ನಾವು ಅವುಗಳನ್ನು ಮುಟ್ಟಲಾರೆವು.

ಆಟ ಕಲಿಸಲು ನೀವು ಬರೆದಿಟ್ಟ ಸನ್ನೆಗಳ ಪುಸ್ತಕ ನಮಗೆ ಸಿಕ್ಕಿದೆ. ಹದಿನೇಳು ಸನ್ನೆಗಳಿಗೆ ಚಿತ್ರ ಬಿಡಿಸಿದ್ದೀರಿ. ಆಟ ಮುಗಿಯಿತು, ಇನ್ನು ಹೋಗಿ ಎನ್ನುವ ಹದಿನೆಂಟನೆಯದರ ಎದುರು ಮಾತ್ರ 'ಎಂದಿನಂತೆ' ಎಂದಿದೆ. ದಿನವೂ ಮಾಡುವುದನ್ನು ಯಾರು ತಾನೆ ಬರೆದಿಡುತ್ತಾರೆ? ನಾವು ಕೈ ಬೀಸಿದೆವು, ಖಾಲಿ ಬುಟ್ಟಿ ತೋರಿಸಿದೆವು. ಜೊತೆಗಾರ ಜಟ್ಟಪ್ಪ, "ಕೈಮುಗಿದು ನೋಡು ಮಾರಾಯ್ತಿ, ಅದಕ್ಕೆ ನೆಂಟರೂ ಎದ್ದು ಹೋಗ್ತಾರೆ" ಎಂದ. ಕೈಮುಗಿದೆ. ತಾಯಿ ನನ್ನನ್ನೇ ನೋಡುತ್ತಿತ್ತು.

ಈ ಕಾಗದವನ್ನು ಹಿಂದೋಲೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಒಯ್ಯುವ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅದರಲ್ಲಿ ಉತ್ತರ ಬರುವುದಿಲ್ಲ. ಆದರೆ ನೀವು ನಿಮ್ಮ ಪುಸ್ತಕದಲ್ಲಿ ಬರೆದರೆ ಇಲ್ಲಿ ಕಾಣಿಸಬೇಕು. 'ಎಂದಿನಂತೆ' ಎಂಬ ಪದದ ಪಕ್ಕ ಎರಡು ಬೆರಳಗಲ ಜಾಗವಿದೆ.

ಒಂದು ಮಾತು ಮುಚ್ಚಿಡಲಾರೆ. ನಮ್ಮ ಕಾಲದಲ್ಲಿ ಪ್ರಾಣಿಗಳು ಮನುಷ್ಯರ ಕಡೆ ತಿರುಗಿಯೂ ನೋಡುವುದಿಲ್ಲ. ಇವೆರಡು ನೋಡುತ್ತವೆ. ಅವು ಹೋದರೆ ನನ್ನನ್ನು ಹಾಗೆ ನೋಡುವವರು ಇರುವುದಿಲ್ಲ. ಆದರೂ ಬರೆಯಿರಿ. ಅಮಾವಾಸ್ಯೆಗೆ ಎಂಟು ದಿನವಿದೆ. ಅವು ಬೆನ್ನು ತಿರುಗಿಸಿ ಹೋಗುವುದನ್ನು ನೋಡಲು ಅಷ್ಟರಲ್ಲಿ ನಾನು ಕಲಿತುಕೊಳ್ಳುತ್ತೇನೆ.

ಇರುವಂತಿ